ಕೆರೆಯ ರಾತ್ರಿಯನ್ನು ಮಕ್ಕಳಿಗೆ ತೋರಿಸುವುದು

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗಿತ್ತು ಎಂದು ಸುದ್ದಿ ಬಂತು. ಇದನ್ನು ಹತ್ತು ವರ್ಷದ ಮಗುವಿಗೆ ತಿಳಿಸುವುದು ಹೇಗೆ? ಆಮ್ಲಜನಕ ಕಣ್ಣಿಗೆ ಕಾಣದು. ಅದು ತೀರಾ ಕುಸಿಯುವುದು ನಾವೆಲ್ಲ ಮಲಗಿರುವ ಹೊತ್ತಿನಲ್ಲಿ. ಕಾರಣವೋ, ಎಷ್ಟೋ ದೂರದ ಚರಂಡಿಯಲ್ಲಿ ಶುರುವಾಗಿರುತ್ತದೆ.

ಮಕ್ಕಳಿಗಾಗಿ ಆ್ಯಪ್ ಮತ್ತು ಆಟಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮಕ್ಕಳನ್ನು ಜಕ್ಕೂರು ಕೆರೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಗೆಂದು ಒಂದು ಆಟ ಮಾಡಲು ಕೂತಾಗ ಮೊದಲೇ ತೀರ್ಮಾನಿಸಿದ್ದು ಇಷ್ಟು: ಕಣ್ಣು, ಕಿವಿ, ಮೂಗಿಗೆ ಸಿಗುವ ಯಾವುದನ್ನೂ ಟ್ಯಾಬ್ ತೋರಿಸಬಾರದು. ಹೆಜ್ಜಾರ್ಲೆ ಎದುರಿಗೇ ನೀರಿಗಿಳಿಯುತ್ತಿರುವಾಗ ಅದರ ಅನಿಮೇಷನ್ ಯಾರಿಗೆ ಬೇಕು?

ಈ ದಾರಿಯಲ್ಲಿ ನನಗಿಂತ ಮುಂಚೆ ನಡೆದವರಿದ್ದಾರೆ. 2000ದ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಈವಾನ್ ರಾಜರ್ಸ್ ಮತ್ತು ಸಂಗಡಿಗರು 'ಆ್ಯಂಬಿಯೆಂಟ್ ವುಡ್' ಎಂಬ ಪ್ರಯೋಗ ಮಾಡಿದರು. ಮಕ್ಕಳು ಜೋಡಿಯಾಗಿ ಕಾಡಿನಲ್ಲಿ ಅಲೆಯುತ್ತಾ, ಕೈಯಲ್ಲಿದ್ದ ಸಾಧನದಿಂದ ತಮಗೆ ಬೇಕೆಂದ ಕಡೆ ಬೆಳಕು, ತೇವಾಂಶ ಅಳೆಯುತ್ತಿದ್ದರು. ಎಲ್ಲಿ ಅಳೆಯಬೇಕೆಂಬುದು ಮಕ್ಕಳ ಇಷ್ಟಕ್ಕೇ ಬಿಟ್ಟದ್ದು ನನಗೆ ಬಹಳ ಹಿಡಿಸಿತು.

ಹೆಚ್ಚು ಕಲಿತದ್ದು ಮಾತ್ರ ಹಾರ್ವರ್ಡ್ ವಿಶ್ವವಿದ್ಯಾಲಯದ 'ಎಕೋಮೂವ್' ಎಂಬ ಕಂಪ್ಯೂಟರ್ ಪಾಠದಿಂದ. ಅದರಲ್ಲೊಂದು ವರ್ಚುವಲ್ ಕೊಳವಿದೆ. ಒಂದು ದಿನ ದೊಡ್ಡ ಮೀನುಗಳು ಸತ್ತು ಬಿದ್ದಿರುತ್ತವೆ; ಯಾಕೆಂದು ಮಕ್ಕಳೇ ಕಂಡುಹಿಡಿಯಬೇಕು. ಹಿಂದಿನ ದಿನಗಳಿಗೆ ಹೋಗಿ ನೀರು ಅಳೆಯಬಹುದು, ಪುಟ್ಟ ಜಲಾಂತರ್ಗಾಮಿಯಲ್ಲಿ ಕೂತು ಸೂಕ್ಷ್ಮಜೀವಿಗಳ ನಡುವೆ ಸಾಗಬಹುದು. ತಂಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಗೊಬ್ಬರ ಮಳೆನೀರಿನಲ್ಲಿ ಕೊಚ್ಚಿಬಂದು, ಪಾಚಿ ಹಬ್ಬಿ, ಅದು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ತಿಂದುಹಾಕುತ್ತವೆ ಎಂಬುದು ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ದಿನಗಟ್ಟಲೆ ಅಂತರವಿರುತ್ತದೆ. ಆ ಅಂತರವನ್ನು ಮಡಚಿ ಮಗುವಿನ ಕೈಗೆ ಕೊಡುವ ಕೆಲಸಕ್ಕೆ ಕಂಪ್ಯೂಟರ್ ನಿಜಕ್ಕೂ ಬೇಕು.

ನನ್ನ ಆಟದಲ್ಲಿರುವುದು ಕೆರೆಯ ಒಂದು ಹಗಲು, ಒಂದು ರಾತ್ರಿ. ನಾಲ್ಕು ಮಕ್ಕಳಿಗೆ ಒಂದೇ ಟ್ಯಾಬ್. ಮೊದಲು ಕಪ್ಪು ಬಿಳುಪು ಬಳಿದ ತಟ್ಟೆಯನ್ನು ಹಗ್ಗದಲ್ಲಿ ನೀರಿಗೆ ಇಳಿಬಿಟ್ಟು, ಎಷ್ಟು ಆಳಕ್ಕೆ ಅದು ಮರೆಯಾಯಿತೆಂದು ನೋಡುತ್ತಾರೆ. (ಇಳಿಬಿಡುವಾಗ ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರುತ್ತೇವೆ.) ನೀರಿನ ಬಣ್ಣ, ವಾಸನೆ ಬರೆದುಕೊಳ್ಳುತ್ತಾರೆ. ಅದನ್ನೆಲ್ಲ ತುಂಬಿಸುವ ತನಕ ಆಟ ತೆರೆಯುವುದೇ ಇಲ್ಲ. ಅಂಕ, ನಕ್ಷತ್ರ, ಚಪ್ಪಾಳೆ ಸದ್ದು ಯಾವುದನ್ನೂ ಇಟ್ಟಿಲ್ಲ. ಅವು ಬಂದರೆ ಮಕ್ಕಳ ಕಣ್ಣು ಕೆರೆಯಿಂದ ಅತ್ತ ಹೊರಳುತ್ತದೆ.

ಆಮೇಲೆ ಟ್ಯಾಬ್ ಮೇಲೆ ಬೆರಳಿನಿಂದ ಸೂರ್ಯನನ್ನು ಎಳೆಯುವುದು. ಮಧ್ಯಾಹ್ನ ಪಾಚಿ ಆಮ್ಲಜನಕ ಉಗುಳುತ್ತದೆ, ನೀರು ತಿಳಿನೀಲಿ. ಸೂರ್ಯ ಮುಳುಗಿದರೆ ತಯಾರಿಕೆ ನಿಂತಿತು, ಉಸಿರಾಟ ಮಾತ್ರ ನಿಲ್ಲುವುದಿಲ್ಲ: ಮೀನು, ಬ್ಯಾಕ್ಟೀರಿಯಾ, ಅದೇ ಪಾಚಿ ಕೂಡ ಆಮ್ಲಜನಕ ಎಳೆದುಕೊಳ್ಳುತ್ತವೆ. ಬಣ್ಣ ಮಾಸುತ್ತಾ ಬಂದು ಬೆಳಗಿನ ಜಾವಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಹೆಚ್ಚಿನ ಮೀನುಗಳು ಆರಾಮಾಗಿರುತ್ತವೆ. 2ಕ್ಕಿಂತ ಕೆಳಗಿಳಿದರೆ ಉಳಿಯುವುದು ಕಷ್ಟ. ಕೊಳಚೆ ಹೆಚ್ಚಿಸಿದಷ್ಟೂ ಆ ಬೂದಿ ಬಣ್ಣ ಬೇಗ ಬರುತ್ತದೆ.

"ಅಕ್ಕಾ, ಹಾಗಾದ್ರೆ ಪಾಚಿ ಒಳ್ಳೇದಾ ಕೆಟ್ಟದ್ದಾ?" ಎಂದು ಒಬ್ಬ ಹುಡುಗ ಕೇಳಿದ. ನಾನು ಉತ್ತರಿಸುವಷ್ಟರಲ್ಲಿ ಪಕ್ಕದ ಹುಡುಗಿ, "ಎಷ್ಟಿದೆ ಅನ್ನೋದರ ಮೇಲೆ ಕಣೋ," ಎಂದು ಅವನ ಕೈಯಿಂದ ಟ್ಯಾಬ್ ಕಿತ್ತುಕೊಂಡು ಸೂರ್ಯನನ್ನು ಮತ್ತೆ ಎಳೆದಳು. ಎಲ್ಲ ಮೀನು ಸತ್ತರೂ ಆಫ್ರಿಕನ್ ಕ್ಯಾಟ್‌ಫಿಶ್ ಈಜುತ್ತಲೇ ಇತ್ತು. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಇದನ್ನು ನಾನು ಆಟದಲ್ಲಿ ಎಲ್ಲೂ ಬರೆದಿಲ್ಲ, ಬೇಕೆಂದೇ. "ಇದೊಂದು ಯಾಕೆ ಸಾಯಲ್ಲ?" ಎಂಬ ಜಗಳ ಬಹಳ ಹೊತ್ತು ನಡೆಯಿತು. ಅಂಥ ಜಗಳಕ್ಕೆ ಜಾಗ ಬಿಡುವುದನ್ನೇ ನಾನು ಒಳ್ಳೆಯ ವಿನ್ಯಾಸ ಎನ್ನುತ್ತೇನೆ.

ಜಕ್ಕೂರಿನಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಬರುವ ನೀರು ಜೊಂಡು ಬೆಳೆದ ಜೌಗು ಹಾದು ಕೆರೆ ಸೇರುತ್ತದೆ. ಈಗ ಮಕ್ಕಳು ಕೇಳುತ್ತಿರುವುದು ಅದಕ್ಕೂ ಮೇಲಿನದನ್ನು: ಆ ಕೊಳಚೆ ಯಾರ ಮನೆಯದು? ಹಾಗಾಗಿ ಆಟಕ್ಕೆ ರಾಜಕಾಲುವೆಯ ನಕ್ಷೆ ಸೇರಿಸುತ್ತಿದ್ದೇನೆ. ಪ್ರತಿ ಮಗುವೂ ತನ್ನ ಬೀದಿಯನ್ನು ಮುಟ್ಟಿದರೆ, ಅಲ್ಲಿ ಬಿದ್ದ ನೀರು ಯಾವ ಕೆರೆಗೆ ಹೋಗುತ್ತದೆಂದು ಗೆರೆ ಹರಿದು ತೋರಿಸಬೇಕು.