ಮೇಲಿನ ಸ ಇಳಿದಿದ್ದು ಯಾಕೆ: ಕ್ವಾಂಟೈಸರ್ ಜೊತೆ ಕೆಲಸ ಮಾಡಿ ಕಲಿತದ್ದು

ಹಾಸನದಲ್ಲಿ ಒಂದು ನೃತ್ಯರೂಪಕಕ್ಕೆ ಸಂಗೀತದ ಕೆಲಸ ಒಪ್ಪಿಕೊಂಡಿದ್ದೆ. ಪಿಟೀಲು, ಮೃದಂಗ, ತಂಬೂರಿ, ಜೊತೆಗೆ ನನ್ನ ಮಾಡ್ಯುಲರ್ ಸಿಂಥಸೈಸರ್, ಅಂದರೆ ಬಿಡಿ ಮಾಡ್ಯೂಲ್‌ಗಳನ್ನ ತಂತಿಯಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಕಾರ್ಯಕ್ರಮ ಸಂಜೆ ಆರೂವರೆಗೆ. ನಾಲ್ಕು ಗಂಟೆಗೆ ವೇದಿಕೆ ಮೇಲೆ ಎಲ್ಲ ಜೋಡಿಸಿ, ಮೋಹನದಲ್ಲಿ ಒಂದು ಸಾಲು ಓಡಿಸಿದೆ. ಪಿಟೀಲು ಮೇಷ್ಟ್ರು ಎರಡು ಸುತ್ತು ಕೇಳಿ ಕಮಾನು ಕೆಳಗಿಟ್ಟರು.

"ಕೆಳಗಿನ ಸ ಸರಿಯಾಗಿ ಕೂತಿದೆ ಕಣಪ್ಪ. ಮೇಲೆ ಹೋದ ಹಾಗೆಲ್ಲ ಇಳೀತಾ ಇದೆಯಲ್ಲ, ಯಾಕೆ?"

"ಇಲ್ಲ ಮೇಷ್ಟ್ರೇ, ಇದರಲ್ಲಿ ಕ್ವಾಂಟೈಸರ್ ಇದೆ, ಶ್ರುತಿ ತಪ್ಪೋದಿಲ್ಲ" ಅಂದೆ. ಅವರು ವಾದ ಮಾಡಲಿಲ್ಲ. ತಾರ ಷಡ್ಜ ಹಿಡಿದು ಕಮಾನು ಎಳೆದರು, ನನ್ನ ಸ್ವರ ಅದರ ಪಕ್ಕದಲ್ಲಿ ಗರಗರ ಅಂತಿತ್ತು. ನಿಜವಾಗಲೂ ಇಳಿದಿತ್ತು.

ಆವತ್ತು ಆ ಎರಡೂವರೆ ಗಂಟೆಯಲ್ಲಿ ಕಲಿತದ್ದು, ಆಮೇಲೆ ಚಿಕ್ಕಮಗಳೂರಿಗೆ ವಾಪಸ್ ಬಂದು ಮನೆಯ ಮೇಲಿನ ಕೋಣೆಯಲ್ಲಿ ಕೂತು ಒಂದೊಂದಾಗಿ ಅಳೆದು ನೋಡಿದ್ದು, ಎಲ್ಲ ಸೇರಿಸಿ ಬರೀತಾ ಇದ್ದೀನಿ. ಮಾಡ್ಯುಲರ್ ಹೊಸದಾಗಿ ಹಿಡಿದಿರುವವರಿಗೆ, ಅದರಲ್ಲೂ ನಮ್ಮ ಸಂಗೀತದ ಜೊತೆ ನುಡಿಸಬೇಕು ಅಂತಿರುವವರಿಗೆ, ಇದು ಉಪಯೋಗಕ್ಕೆ ಬರಬಹುದು.

ಕ್ವಾಂಟೈಸರ್ ಏನು ಮಾಡುತ್ತೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಮಾಡ್ಯುಲರ್‌ನಲ್ಲಿ ಸ್ವರ ಅಂದರೆ ವೋಲ್ಟೇಜ್. 1960ರ ದಶಕದಲ್ಲಿ ರಾಬರ್ಟ್ ಮೂಗ್ ತಮ್ಮ ಯಂತ್ರಗಳಲ್ಲಿ ಬಳಸಿದ ಲೆಕ್ಕವೇ ಇವತ್ತಿಗೂ ಜಾಸ್ತಿ ಕಡೆ ನಡೀತಿದೆ: 1 ವೋಲ್ಟ್ ಏರಿದರೆ ಒಂದು ಸ್ಥಾಯಿ ಮೇಲೆ. ಒಂದು ಸ್ಥಾಯಿಗೆ 12 ಸ್ವರಸ್ಥಾನ, ಹಾಗಾಗಿ ಒಂದೊಂದು ಸ್ಥಾನಕ್ಕೆ ಸುಮಾರು 83 ಮಿಲಿವೋಲ್ಟ್. (ಬುಕ್ಲಾ ಯಂತ್ರಗಳಲ್ಲಿ ಸ್ಥಾಯಿಗೆ 1.2 ವೋಲ್ಟ್. ಕಾರ್ಗ್ ಎಂಎಸ್-20ರಲ್ಲಿ ಲೆಕ್ಕವೇ ಬೇರೆ ಥರ, ಅದು ಸೆಕೆಂಡಿನ ಕಂಪನಕ್ಕೆ ನೇರವಾಗಿ ಹೊಂದಿಕೊಂಡು ಏರುತ್ತೆ. ಹಳೇ ಯಂತ್ರ ಸೇರಿಸೋದಾದರೆ ಇದನ್ನ ಮೊದಲು ನೋಡಿಕೊಳ್ಳಿ.) ಸ್ವರಗಳನ್ನ ಸಾಲಾಗಿ ಓಡಿಸುವ ಸೀಕ್ವೆನ್ಸರ್‌ನ ತಿರುಪುಗಳಿಂದಲೋ ನಿಧಾನಕ್ಕೆ ಏರಿ ಇಳಿಯುವ ಅಲೆಯಿಂದಲೋ ಬರುವ ವೋಲ್ಟೇಜ್ ಎಲ್ಲಿ ಬೇಕಾದರೂ ನಿಲ್ಲುತ್ತೆ. ಕ್ವಾಂಟೈಸರ್ ಅದನ್ನ ಹಿಡಿದು, ನಾವು ಆರಿಸಿದ ಸ್ವರಗಳಲ್ಲಿ ಹತ್ತಿರದ್ದಕ್ಕೆ ಕೂರಿಸುತ್ತೆ. ವೀಣೆಗೆ ಮೆಟ್ಟಿಲು ಇದ್ದ ಹಾಗೆ. ಬೆರಳು ಮೆಟ್ಟಿಲ ಹಿಂದೆ ಸ್ವಲ್ಪ ಆಚೀಚೆ ಬಿದ್ದರೂ ಸ್ವರ ಒಂದೇ.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅಂದರೆ, ಅದರ ಜವಾಬ್ದಾರಿ ಅದರ ಔಟ್ ಜ್ಯಾಕ್‌ವರೆಗೆ ಮಾತ್ರ. ಅದಕ್ಕೆ ಮುಂಚೆ ಆದ ತಪ್ಪನ್ನ ಅದು ಅಳಿಸಿ ಹಾಕುತ್ತೆ. ಅದರ ನಂತರ ಆದ ತಪ್ಪು ನೇರವಾಗಿ ಕಿವಿಗೆ ಬರುತ್ತೆ.

ಹಾಸನದಲ್ಲಿ ಆದದ್ದು ಹೀಗೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದೇ ಆಸಿಲೇಟರ್ (ವೋಲ್ಟೇಜಿಗೆ ತಕ್ಕ ಧ್ವನಿ ಹುಟ್ಟಿಸುವ ಮಾಡ್ಯೂಲ್) ಇತ್ತು. ವೇದಿಕೆಗೆ ಧ್ವನಿ ತುಂಬಿಕೊಂಡು ಬರಲಿ ಅಂತ ಎರಡನೆಯದನ್ನೂ ಸೇರಿಸಿದ್ದೆ. ಕ್ವಾಂಟೈಸರ್‌ನಿಂದ ಬಂದ ಒಂದು ತಂತಿಯನ್ನ ಸಾದಾ ಮಲ್ಟ್‌ಗೆ ಹಾಕಿ ಎರಡಾಗಿ ಕವಲು ಮಾಡಿದ್ದೆ, ಅಷ್ಟೇ. ಮೇಷ್ಟ್ರು ಹೇಳಿದ ಮೇಲೆ ಬ್ಯಾಗಿನಿಂದ ಮಲ್ಟಿಮೀಟರ್ ತೆಗೆದೆ. ಕೆಳಗಿನ ಸ ಅಂದರೆ ಸೊನ್ನೆ ವೋಲ್ಟ್, ತಾರ ಸ ಅಂದರೆ 2 ವೋಲ್ಟ್. ಕ್ವಾಂಟೈಸರ್ ಒಂದೇ ಇದ್ದಾಗ 2.000 ತೋರಿಸಿತು. ಒಂದು ಆಸಿಲೇಟರ್ ಚುಚ್ಚಿದೆ, 1.980. ಎರಡನೆಯದು ಚುಚ್ಚಿದೆ, 1.961. ಆ ಅಂಕಿ ಕಣ್ಣೆದುರಿಗೇ ಇಳಿದದ್ದು ನೋಡಿ ಕೈ ತಣ್ಣಗಾಯಿತು.

ಕಾರಣ ಸರಳ. ಈ ಕ್ವಾಂಟೈಸರ್‌ನ ಔಟ್‌ನಲ್ಲಿ 1 ಕಿಲೋಓಮ್ ರೆಸಿಸ್ಟರ್ ಇದೆ, ಆಸಿಲೇಟರ್‌ನ ಇನ್‌ನಲ್ಲಿ 100 ಕಿಲೋಓಮ್. ಎರಡೂ ಸೇರಿ ವೋಲ್ಟೇಜ್ ಹಂಚಿಕೊಳ್ತವೆ, ಒಂದು ಆಸಿಲೇಟರ್‌ಗೆ ಸುಮಾರು ನೂರರಲ್ಲಿ ಒಂದು ಪಾಲು ಕಳೆದುಹೋಗುತ್ತೆ. ಮನೆಯಲ್ಲಿ ಆ ಒಂದು ಪಾಲು ನನಗೆ ಗೊತ್ತಾಗಲೇ ಇಲ್ಲ, ಯಾಕಂದರೆ ಆಸಿಲೇಟರ್‌ನ ಟ್ರಿಮ್ಮರ್ ತಿರುಗಿಸಿ ಸ್ಥಾಯಿ ಸರಿಮಾಡಿದ್ದೇ ಆ ತಂತಿ ಚುಚ್ಚಿಕೊಂಡು. ಎರಡನೆಯದು ಬಂದಾಗ ಇನ್ನೊಂದು ಪಾಲು ಹೋಯಿತು. ಸೊನ್ನೆಯಲ್ಲಿ ನೂರರಲ್ಲೊಂದು ಅಂದರೂ ಸೊನ್ನೆಯೇ, ಅದಕ್ಕೇ ಕೆಳಗಿನ ಸ ಸರಿ ಇತ್ತು. 2 ವೋಲ್ಟಿನಲ್ಲಿ ಅದು 19 ಮಿಲಿವೋಲ್ಟ್, ಅಂದರೆ ಒಂದು ಸ್ವರಸ್ಥಾನದ ಕಾಲು ಭಾಗದ ಹತ್ತಿರ. ಮೇಲೆ ಹೋದ ಹಾಗೆಲ್ಲ ಇಳೀತಾ ಇದೆ ಅಂತ ಮೇಷ್ಟ್ರು ಮೀಟರ್ ಇಲ್ಲದೆ ಹೇಳಿದ್ದು ಅಕ್ಷರಶಃ ಇದನ್ನೇ.

ಬಫರ್ಡ್ ಮಲ್ಟ್, ಅಂದರೆ ವೋಲ್ಟೇಜ್ ಇಳಿಯದ ಹಾಗೆ ಕವಲು ಮಾಡುವ ಮಾಡ್ಯೂಲ್, ಇದ್ದಿದ್ದರೆ ಎರಡು ನಿಮಿಷದ ಕೆಲಸ. ನನ್ನ ಹತ್ತಿರ ಇರಲಿಲ್ಲ, ಹಾಸನದಲ್ಲಿ ಆ ಹೊತ್ತಿಗೆ ಸಿಗುವ ವಸ್ತುವೂ ಅಲ್ಲ. ಆದರೆ ನನ್ನ ಕ್ವಾಂಟೈಸರ್‌ನಲ್ಲಿ ಎರಡು ಚಾನೆಲ್ ಇದ್ದವು. ಕವಲನ್ನ ಕ್ವಾಂಟೈಸರ್‌ನ ಔಟ್‌ನಿಂದ ಕಿತ್ತು ಅದರ ಇನ್‌ಗೆ ಮುಂಚೆ ಹಾಕಿದೆ. ಸೀಕ್ವೆನ್ಸರ್ ವೋಲ್ಟೇಜ್ ಎರಡೂ ಚಾನೆಲ್‌ಗೆ, ಒಂದೊಂದು ಚಾನೆಲ್‌ನಿಂದ ಒಂದೊಂದು ಆಸಿಲೇಟರ್‌ಗೆ. ಕವಲಲ್ಲಿ 20 ಮಿಲಿವೋಲ್ಟ್ ಹೋದರೆ ಈಗ ಹೋಗಲಿ ಬಿಡಿ. ಮೋಹನದಲ್ಲಿ ಸ್ವರಗಳ ಮಧ್ಯೆ ಕಡಿಮೆ ಅಂದರೂ 166 ಮಿಲಿವೋಲ್ಟ್ ಅಂತರ ಇದೆ, ಕ್ವಾಂಟೈಸರ್ ಅದನ್ನ ಎಳೆದು ಸರಿಯಾದ ಜಾಗಕ್ಕೇ ಕೂರಿಸುತ್ತೆ. ಮತ್ತೆ ಓಡಿಸಿದೆ. ಮೇಷ್ಟ್ರು ತಾರ ಷಡ್ಜ ಹಿಡಿದರು. ಗರಗರ ಇರಲಿಲ್ಲ.

"ಸ ಆಯ್ತು. ಈಗ ಗಾಂಧಾರ ನೋಡು" ಅಂದರು.

ಇಲ್ಲಿಂದ ಮುಂದಿನದು ನನಗೆ ಇವತ್ತಿಗೂ ತುಂಬ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆದರೂ ಹೇಳ್ತೀನಿ. ಕ್ವಾಂಟೈಸರ್‌ಗಳು ಸಾಮಾನ್ಯವಾಗಿ ಸ್ಥಾಯಿಯನ್ನ 12 ಸಮ ಭಾಗ ಮಾಡ್ತವೆ, ಕೀಬೋರ್ಡ್ ಮಾಡುವ ಹಾಗೆ. ತಂಬೂರಿ ಹಾಗೆ ಮಾಡೋದಿಲ್ಲ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಗಾಂಧಾರಕ್ಕೆ ಅಂತ ತಂತಿ ಇಲ್ಲದಿದ್ದರೂ ಅಂತರ ಗಾಂಧಾರ ತಾನೇ ಕೇಳಿಸುತ್ತೆ, ಅದನ್ನ ಸ್ವಯಂಭೂ ಗಾಂಧಾರ ಅಂತಾರಲ್ವಾ, ಅದು ಷಡ್ಜಕ್ಕೆ 5:4 ಅಳತೆಯಲ್ಲಿರುತ್ತೆ. ಒಂದು ಸ್ವರಸ್ಥಾನವನ್ನ 100 ಸೆಂಟ್ ಅಂತ ಇಟ್ಟುಕೊಂಡರೆ ಆ ಗಾಂಧಾರ 386 ಸೆಂಟ್. ಕ್ವಾಂಟೈಸರ್ ಕೊಡೋದು 400. ವ್ಯತ್ಯಾಸ 14 ಸೆಂಟ್, ವೋಲ್ಟಿನಲ್ಲಿ ಸುಮಾರು 11 ಮಿಲಿವೋಲ್ಟ್. ನಾವು ಎರಡು ಮನೆ ಶ್ರುತಿಯಲ್ಲಿದ್ದೆವು, ಹಾರ್ಮೋನಿಯಂನ ಬಿಳಿ ಎರಡು. ಅಲ್ಲಿ ಷಡ್ಜ 293.7 ಹರ್ಟ್ಸ್ ಆದರೆ ತಂಬೂರಿ ಒಪ್ಪುವ ಗಾಂಧಾರ 367.1, ನನ್ನ ಯಂತ್ರದ್ದು 370. ಎರಡೂ ಒಟ್ಟಿಗೆ ನಿಂತರೆ ಸೆಕೆಂಡಿಗೆ ಸುಮಾರು ಮೂರು ಸಲ ಅಲೆ ಏಳುತ್ತೆ. ಸುಮ್ನೆ ಸಿಂಥ್ ಒಂದನ್ನೇ ಕೇಳುವಾಗ ಇದು ಯಾರಿಗೂ ಗೊತ್ತಾಗಲ್ಲ. ತಂಬೂರಿ ಪಕ್ಕದಲ್ಲಿ ಕೂತರೆ ಮುಚ್ಚಿಡೋಕೆ ಆಗಲ್ಲ. ಪಂಚಮದ ತೊಂದರೆ ಇಲ್ಲ, ಅದು 702, ಯಂತ್ರ 700 ಕೊಡುತ್ತೆ.

ಆವತ್ತು ಇದಕ್ಕೆ ಪರಿಹಾರ ಇರಲಿಲ್ಲ. ನಾನು ಗಾಂಧಾರದ ಮೇಲೆ ನಿಲ್ಲದ ಹಾಗೆ ಸಾಲನ್ನ ಬದಲಾಯಿಸಿದೆ, ಗಾಂಧಾರದ ನಿಲುಗಡೆಯನ್ನ ಪಿಟೀಲಿಗೆ ಬಿಟ್ಟೆ, ಸಿಂಥ್ ಸ ಮತ್ತು ಪ ಮೇಲೆ ನಿಂತಿತು. ಕಾರ್ಯಕ್ರಮ ಚೆನ್ನಾಗಿ ಆಯಿತು. ಆದರೆ ಅದು ತಪ್ಪಿಸಿಕೊಂಡದ್ದೇ ಹೊರತು ಸರಿಮಾಡಿದ್ದಲ್ಲ. ನಮ್ಮದೇ ಅಳತೆಯ ಸ್ವರಗಳನ್ನ ತುಂಬಿಸಿಕೊಳ್ಳುವ ಕ್ವಾಂಟೈಸರ್‌ಗಳಿವೆ. ಆರ್ನಮೆಂಟ್ ಅಂಡ್ ಕ್ರೈಮ್ ಅನ್ನೋ ಮಾಡ್ಯೂಲ್‌ನ ವಿನ್ಯಾಸ ಮುಕ್ತವಾಗಿದೆ, ಅದರಲ್ಲಿ ಇದು ಆಗುತ್ತೆ. ದುಡ್ಡು ಹಾಕೋಕೆ ಮುಂಚೆ ಕಂಪ್ಯೂಟರಿನಲ್ಲಿ ನೋಡಬೇಕು ಅನ್ನುವವರು ವಿಸಿವಿ ರ‍್ಯಾಕ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು, ಉಚಿತವಾಗಿ ಸಿಗುತ್ತೆ. ನಾನು ಮೊದಲು ಅಲ್ಲೇ ಎರಡು ಗಾಂಧಾರಗಳನ್ನ ಅಕ್ಕಪಕ್ಕ ಇಟ್ಟು, ತಂಬೂರಿ ಹಾಕಿಕೊಂಡು ಒಂದು ಇಡೀ ಬೆಳಿಗ್ಗೆ ಕೇಳಿದೆ. ಒಂದು ಸಲ 386 ಕಿವಿಗೆ ಕೂತರೆ 400ಕ್ಕೆ ವಾಪಸ್ ಹೋಗೋದು ಕಷ್ಟ.

ಆಧಾರ ಷಡ್ಜದ ಬಗ್ಗೆಯೂ ಒಂದು ಮಾತು. ಶುರುವಿನಲ್ಲಿ ನಾನು ಎರಡು ಮನೆಗೆ ಹೋಗೋಕೆ ಕ್ವಾಂಟೈಸರ್‌ನಲ್ಲೇ ಮೂಲ ಸ್ವರ ಬದಲಾಯಿಸ್ತಿದ್ದೆ. ಈಗ ಹಾಗೆ ಮಾಡಲ್ಲ. ಕ್ವಾಂಟೈಸರ್‌ನ ಸೊನ್ನೆ ವೋಲ್ಟ್ ಯಾವಾಗಲೂ ಸ. ಆಸಿಲೇಟರ್‌ನ ತಿರುಪು ತಿರುಗಿಸಿ ಆ ಸ ವನ್ನ ತಂಬೂರಿಗೆ ಕೂಡಿಸ್ತೀನಿ, ಕಿವಿಯಿಂದ. ವಿದ್ವಾಂಸರು ಶ್ರುತಿ ಒಂದೆಳೆ ಏರಿಸಿಕೊಂಡರೆ ನಾನೂ ಒಂದೆಳೆ ಏರಿಸಿಕೊಳ್ಳಬಹುದು.

ತಿರುಪು ಮುಟ್ಟೋಕೆ ಮುಂಚೆ ಯಂತ್ರ ಹಾಕಿ ಅರ್ಧ ಗಂಟೆ ಬಿಡಬೇಕು. ಅನಲಾಗ್ ಆಸಿಲೇಟರ್ ಬಿಸಿಯಾಗುವವರೆಗೆ ಶ್ರುತಿ ಸರಿಯುತ್ತಲೇ ಇರುತ್ತೆ. ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಕೋಣೆ ಎಷ್ಟು ತಣ್ಣಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆರು ಗಂಟೆಗೆ ಕೂಡಿಸಿದ ಸ ಏಳು ಗಂಟೆಗೆ ಬೇರೆ ಕಡೆ ಇರುತ್ತೆ. ಇದೂ ಕ್ವಾಂಟೈಸರ್‌ನ ನಂತರದ ತಪ್ಪೇ, ಅದರ ವೋಲ್ಟೇಜ್ ಅಲುಗಾಡಿರಲ್ಲ.

ಮುಂಚೆ ಯಾವುದು, ನಂತರ ಯಾವುದು ಅಂತ ಕೇಳಿಕೊಳ್ಳೋದು ಆಮೇಲೆ ಅಭ್ಯಾಸವೇ ಆಯಿತು. ನಿಧಾನದ ಅಲೆಯೊಂದು −5ರಿಂದ +5 ವೋಲ್ಟ್ ಓಡಿದರೆ ಹತ್ತು ಸ್ಥಾಯಿ ಆಯ್ತು, ಯಾರು ಹಾಡ್ತಾರೆ ಅಷ್ಟು? ಅಟೆನ್ಯುಯೇಟರ್‌ನಿಂದ ಅದನ್ನ ಒಂದೂವರೆ ವೋಲ್ಟಿಗೆ ಇಳಿಸೋದು ಕ್ವಾಂಟೈಸರ್‌ಗೆ ಮುಂಚೆ. ನಂತರ ಇಳಿಸಿದರೆ ಕೂರಿಸಿದ ಸ್ವರಗಳೇ ಕುಗ್ಗಿಹೋಗ್ತವೆ. ಜಾರು ಬೇಕಾದರೆ ಸ್ಲೂ ಲಿಮಿಟರ್ (ವೋಲ್ಟೇಜನ್ನ ನಿಧಾನಕ್ಕೆ ಸರಿಸುವ ಮಾಡ್ಯೂಲ್) ನಂತರ. ಮುಂಚೆ ಹಾಕಿದರೆ ರಿ ಯಿಂದ ಪ ಗೆ ಜಾರುವ ಬದಲು ರಿ, ಗ, ಪ ಅಂತ ಮೆಟ್ಟಿಲು ಹತ್ತುತ್ತೆ. ಕಂಪನವೂ ನಂತರವೇ, ಒಂದು ಸಣ್ಣ ಅಲೆಯನ್ನ, ವೋಲ್ಟೇಜ್‌ಗಳನ್ನ ನಿಖರವಾಗಿ ಕೂಡಿಸುವ ಪ್ರಿಸಿಶನ್ ಆಡರ್‌ನಲ್ಲಿ ಸೇರಿಸಿ, 83 ಮಿಲಿವೋಲ್ಟಿಗಿಂತ ಕಡಿಮೆ ಇಟ್ಟು. ಇದನ್ನ ಗಮಕ ಅಂತ ನಾನು ಕರೆಯಲ್ಲ. ಗಮಕಕ್ಕೆ ಅದರದ್ದೇ ಆಕಾರ, ಹೊತ್ತು, ಹಿಂದೆ ಮುಂದೆ ಇರುವ ಸ್ವರದ ನೆನಪು ಎಲ್ಲ ಇದೆ. ಬರೀ ಅಲೆ ಅದಾಗಲ್ಲ.

ಇನ್ನೊಂದು ತಲೆನೋವು ಟ್ರಿಗರ್‌ನದು. ಕ್ವಾಂಟೈಸರ್‌ಗೆ ಟ್ರಿಗರ್, ಅಂದರೆ ಒಂದು ಚಿಕ್ಕ ವೋಲ್ಟೇಜ್ ಮಿಡಿತ, ಕೊಟ್ಟರೆ ಅದು ಆ ಗಳಿಗೆಯಲ್ಲಿ ಮಾತ್ರ ವೋಲ್ಟೇಜ್ ನೋಡಿ ಹಿಡಿದುಕೊಳ್ಳುತ್ತೆ. ಸೀಕ್ವೆನ್ಸರ್ ಮತ್ತು ಕ್ವಾಂಟೈಸರ್ ಎರಡಕ್ಕೂ ಲಯ ಕೊಡುವ ಒಂದೇ ಕ್ಲಾಕ್ ಹೋದಾಗ, ಸೀಕ್ವೆನ್ಸರ್ ಹೊಸ ವೋಲ್ಟೇಜಿಗೆ ಪೂರ್ತಿ ಹೋಗೋಕೆ ಮುಂಚೆಯೇ ಇದು ನೋಡಿಬಿಡುತ್ತೆ. ಆಗ ಸಿಗೋದು ಹಿಂದಿನ ಸ್ವರ. ಪ್ರತಿ ಸಲ ಆದರೆ ಕಂಡುಹಿಡಿಯಬಹುದು, ಒಮ್ಮೊಮ್ಮೆ ಮಾತ್ರ ಆದರೆ ಹುಚ್ಚು ಹಿಡಿಯುತ್ತೆ. ಟ್ರಿಗರನ್ನ ಮೂರ್ನಾಲ್ಕು ಮಿಲಿಸೆಕೆಂಡ್ ತಡ ಮಾಡಿದೆ, ಸರಿಹೋಯಿತು. ಟ್ರಿಗರ್ ಕೊಡದೆ ಬಿಟ್ಟರೆ ಬೇರೆ ತೊಂದರೆ: ವೋಲ್ಟೇಜ್ ಎರಡು ಸ್ವರಗಳ ಗಡಿಯಲ್ಲಿ ನಿಂತಾಗ ಸ್ವಲ್ಪ ಗದ್ದಲಕ್ಕೇ ರಿ ಗ ರಿ ಗ ಅಂತ ನಡುಗುತ್ತೆ.

ಈಗ ಕೈಯಲ್ಲಿರೋದು ಬಿಲಹರಿ. ಮೋಹನ ಸುಲಭ, ಏರೋದೂ ಇಳಿಯೋದೂ ಅದೇ ಐದು ಸ್ವರ. ಬಿಲಹರಿ ಏರುವಾಗ ಮೋಹನದ ಸ್ವರಗಳು, ಇಳಿಯುವಾಗ ಶಂಕರಾಭರಣದ ಏಳೂ ಬರಬೇಕು. ಕ್ವಾಂಟೈಸರ್‌ಗೆ ಸ್ವರಗಳ ಗುಂಪು ಗೊತ್ತು, ದಾರಿ ಗೊತ್ತಿಲ್ಲ. ಅದಕ್ಕೆ ಒಂದು ಚಾನೆಲ್‌ನಲ್ಲಿ ಐದು, ಇನ್ನೊಂದರಲ್ಲಿ ಏಳು ಇಟ್ಟು, ಈಗಿನ ವೋಲ್ಟೇಜ್ ಹಿಂದಿನದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಅಂತ ಒಂದು ಕಂಪ್ಯಾರೇಟರ್‌ನಿಂದ ನೋಡಿ, ಸ್ವಿಚ್ಚಿನಿಂದ ಚಾನೆಲ್ ಬದಲಾಯಿಸ್ತಾ ಇದ್ದೀನಿ. ಇಳಿಯುವಾಗ ಚೆನ್ನಾಗಿ ಬರ್ತಿದೆ. ತಿರುಗುವ ಜಾಗದಲ್ಲಿ, ಏರುತ್ತಿದ್ದದ್ದು ಇಳಿಯೋಕೆ ಶುರುವಾಗುವ ಆ ಒಂದು ಸ್ವರದಲ್ಲಿ, ಸ್ವಿಚ್ಚು ಇನ್ನೂ ತಡವಾಗಿ ಬೀಳ್ತಿದೆ. ಮುಂದಿನ ವಾರ ಮೇಷ್ಟ್ರು ಚಿಕ್ಕಮಗಳೂರಿಗೆ ಬರ್ತೀನಿ ಅಂದಿದ್ದಾರೆ, ಅಷ್ಟರೊಳಗೆ ಅದನ್ನ ಸರಿಮಾಡಿ ಇಡಬೇಕು.