ಲಾಸ್ ಏಂಜಲೀಸಿನ ಹೋಮ್‌ಲೆಸ್ ಕೌಂಟ್‌ಗೆ ಹೋಗಿದ್ದು

ಇಲ್ಲಿ ಲಾಸ್ ಏಂಜಲೀಸ್ ಕೌಂಟಿಲಿ (ನಮ್ಮ ಜಿಲ್ಲೆ ಥರ) ಚಳಿಗಾಲದಲ್ಲಿ ಮನೆ ಇಲ್ದೋರನ್ನ ಎಣಿಸ್ತಾರೆ, ಒಂದ್ಸಲ ನಾನೂ ವಾಲಂಟಿಯರ್ ಆಗಿ ಹೋಗಿದ್ದೆ. ಯಾರನ್ನೂ ಮಾತಾಡಿಸೋ ಹಾಗಿಲ್ಲ, ಟೆಂಟ್ ಎಷ್ಟು, ಜನ ಮಲಗಿರೋ ಕಾರು ವ್ಯಾನು ಎಷ್ಟು ಅಂತ ಫೋನಲ್ಲಿ ಒತ್ಕೊಂಡ್ ಹೋಗೋದಷ್ಟೆ. ಯಾರ ಬಣ್ಣ ಏನು ಅನ್ನೋದಕ್ಕೆ ಬೇರೆ ಸರ್ವೆ ಇದೆ. 2017ರ ಲೆಕ್ಕದಲ್ಲಿ ಕೌಂಟಿ ಜನಸಂಖ್ಯೆಲಿ ಕಪ್ಪು ಜನ ಶೇ. 9, ಮನೆ ಇಲ್ದೋರಲ್ಲಿ ಶೇ. 40! ಆಮೇಲೆ ಅದಕ್ಕಂತಾನೇ ಕಮಿಟಿ ಮಾಡಿ 2018ರಲ್ಲಿ ರಿಪೋರ್ಟ್ ತಂದ್ರು.

ನಮ್ಮ ಟೀಮಲ್ಲಿ ಅರವತ್ತರ ಆಸುಪಾಸಿನ ಒಬ್ರು ಕಪ್ಪು ಹೆಂಗಸು ಇದ್ರು, ಈಗ ಔಟ್‌ರೀಚ್ ಕೆಲಸ (ಬೀದಿಲಿರೋರನ್ನ ಹುಡುಕ್ಕೊಂಡ್ ಹೋಗಿ ಸಹಾಯ ಮಾಡೋದು), ಹಿಂದೆ ತಾವೇ ಕಾರಲ್ಲಿ ಮಲಗ್ತಿದ್ದೋರು. ಆಗ ಯಾರಿಗೆ ಮೊದ್ಲು ಮನೆ ಅಂತ ತೀರ್ಮಾನ ಮಾಡೋಕೆ ವಿಐ-ಸ್ಪಿಡಾಟ್ ಅನ್ನೋ ಪ್ರಶ್ನೆಪಟ್ಟಿ ಇತ್ತು, ಕಷ್ಟ ಜಾಸ್ತಿ ಇದ್ದಷ್ಟೂ ಪಾಯಿಂಟ್ ಜಾಸ್ತಿ, ಒಂಟಿ ಜನಕ್ಕೆ ಒಟ್ಟು 17 ಪಾಯಿಂಟು, 8 ಅಥವಾ ಜಾಸ್ತಿ ಬಂದ್ರೆ ಸಪೋರ್ಟ್ ಇರೋ ಕಾಯಂ ಮನೆಗೆ ಲೆಕ್ಕ. ಆರು ತಿಂಗಳಲ್ಲಿ ಎಷ್ಟು ಸಲ ಎಮರ್ಜೆನ್ಸಿಗೆ ಹೋಗಿದ್ರಿ, ಡ್ರಗ್ಸ್ ಇದೆಯಾ, ಮಾನಸಿಕ ಕಾಯಿಲೆ ಇದೆಯಾ, ಹೀಗೆ. ಇವ್ರಿಗೆ ಇನ್ಶೂರೆನ್ಸ್ ಇರ್ಲಿಲ್ಲ, ಆಸ್ಪತ್ರೆ ಕಡೆ ತಲೆನೂ ಹಾಕಿರ್ಲಿಲ್ಲ, ಗೌರ್ಮೆಂಟಿನೋರಿಗೆ ಏನ್ ಹೇಳಿದ್ರೂ ನಾಳೆ ತಿರುಗಿ ನಮ್ಮ ಮೇಲೇ ಬರುತ್ತೆ ಅಂತ ಎಲ್ಲದಕ್ಕೂ ಇಲ್ಲ ಇಲ್ಲ ಅಂದ್ರಂತೆ, ಪಾಯಿಂಟ್ ಕಮ್ಮಿ ಬಂತು, ಗಟ್ಟಿಮುಟ್ಟಾಗಿದಾರೆ ಅಂತ ಕ್ಯೂನಲ್ಲಿ ಹಿಂದಕ್ಕೆ. ಬಾಡಿಗೆ ಮನೆ ಕೇಳೋಕೆ ಹೋದಾಗ ಮುಖ ನೋಡಿ ಬಾಗಿಲು ಹಾಕಿದ್ರಾ ಅನ್ನೋ ಪ್ರಶ್ನೆ ಮಾತ್ರ ಪಟ್ಟಿಲಿ ಇರ್ಲಿಲ್ಲ. ಬೆಂಗಳೂರಲ್ಲಿ ಮನೆ ಹುಡುಕುವಾಗ "ನೀವು ಯಾವ ಜನ?" ಅಂತ ಕೇಳಿಸ್ಕೊಂಡೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ ಅನ್ಕೋತೀನಿ.

ಇದನ್ನ ಇಲ್ಲಿನ ಕನ್ನಡದೋರ ಒಂದು ಊಟದಲ್ಲಿ ಹೇಳಿದೆ. ಒಬ್ರು, "ಫಾರ್ಮ್ ಎಲ್ರಿಗೂ ಒಂದೇ ಅಲ್ವೇನ್ರೀ, ಕಂಪ್ಯೂಟರ್‌ಗೆ ಬಣ್ಣ ಗೊತ್ತಾ?" ಅಂದ್ರು. ಬಣ್ಣ ಕೇಳ್ಬೇಕಾಗೇ ಇಲ್ಲ ಸಾರ್, ಆಸ್ಪತ್ರೆಗೆ ಹೋಗೋ ಧೈರ್ಯ, ಆಫೀಸಿನೋರ ಮುಂದೆ ಮನಸ್ಸು ಬಿಚ್ಚೋ ನಂಬಿಕೆ ಯಾರಿಗಿದೆಯೋ ಅವ್ರಿಗೆ ಪಾಯಿಂಟ್ ಬೀಳುತ್ತೆ ಅಂದೆ. ಒಪ್ಲಿಲ್ಲ, ಮೀಸಲಾತಿ ಕಡೆ ತಿರುಗಿಸಿದ್ರು, ಅದು ಬಿಡಿ. 2019ರಲ್ಲಿ ಬೇರೆ ಊರುಗಳ ಡೇಟಾ ನೋಡಿದ ಸ್ಟಡೀಲೂ ಬಿಳಿಯರಿಗಿಂತ ಉಳಿದೋರಿಗೆ ಸ್ಕೋರ್ ಕಮ್ಮಿ ಬಂದಿತ್ತು, ಕೊನೆಗೆ ಪಟ್ಟಿ ಮಾಡಿದ ಕಂಪನಿನೇ ಅದನ್ನ ಕೈಬಿಡ್ತೀವಿ ಅಂತು.

ಪ್ರಶ್ನೆ ಬದಲಾಯಿಸಿದ್ರೆ ಹೊಸ ಮನೆಯೇನೂ ಹುಟ್ಟಲ್ಲ, ಕ್ಯೂ ಉದ್ದ ಅಷ್ಟೇ ಇರುತ್ತೆ ನಿಜ. ಆದ್ರೆ ಇರೋ ನಾಕು ಕೀಲಿಕೈ ಯಾರ ಕೈಗೆ ಹೋಗುತ್ತೆ ಅನ್ನೋದನ್ನ ಆ ಪ್ರಶ್ನೆಗಳೇ ಹೇಳ್ತಿರೋದಲ್ವಾ.