ವಿಯ್ಯೂರಿಗೆ ಹೋಗಿ ಕುಣಿಕೆ ಕಲಿತದ್ದು

ಪರಶುರಾಮ್ ಎಕ್ಸ್‌ಪ್ರೆಸ್ ಕಾಸರಗೋಡು ಬಿಡುವಾಗ ಇನ್ನೂ ಕತ್ತಲು. ಅಕ್ಕ ಬುತ್ತಿಗೆ ಕೊಟ್ಟಿಗೆ, ಎಂದರೆ ಬಾಳೆಲೆಯಲ್ಲಿ ಬೇಯಿಸಿದ ಕಡುಬು, ಕಟ್ಟಿಕೊಂಡಿದ್ದಳು. ಭಾವ ಇಸ್ತ್ರಿಯ ಪಂಚೆ ಸುಕ್ಕಾಗಬಾರದೆಂದು ಕಂಬದ ಹಾಗೆ ಕುಳಿತಿದ್ದರು. ಅವರ ಮಗ, ಎಂದರೆ ನನ್ನ ಅಳಿಯ, ತೃಶೂರು ಬಳಿಯ ವಿಯ್ಯೂರಿನಲ್ಲಿ ಕೇರಳ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ್ದ. ಮರುದಿನ ನಿರ್ಗಮನ ಪಥಸಂಚಲನ. ಶೊರನೂರು ದಾಟಿದ ಮೇಲೆ ಭಾರತಪ್ಪುಳ ಕಂಡಿತು: ನೀರಿಗಿಂತ ಮರಳು, ಮರಳಿಗಿಂತ ಹುಲ್ಲು ಹೆಚ್ಚು. ಅದನ್ನು ಬಿಟ್ಟರೆ ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ವಿಯ್ಯೂರು ಎಂದರೆ ಕೇರಳದವರಿಗೆ ಮೊದಲು ನೆನಪಾಗುವುದು ಸೆಂಟ್ರಲ್ ಜೈಲು. ಕೈದಿಗಳು ಮಾಡಿದ ಚಪಾತಿ ಅಲ್ಲಿ ಸಾರ್ವಜನಿಕರಿಗೂ ಸಿಗುತ್ತದೆ. ಸಂಜೆ ಅದನ್ನೇ ಕೊಂಡು ತಿಂದೆವು. "ಭಾವ, ನಾವು ಜೈಲೂಟ ಮಾಡಿದ್ದು ಊರಿನಲ್ಲಿ ಹೇಳುವುದು ಬೇಡ" ಎಂದು ಭಾವ ಪಿಸುಗುಟ್ಟಿದರು. ಚಪಾತಿ ಮೆತ್ತಗಿತ್ತು, ಹೇಳದೆ ಇರಲಾಗುವುದಿಲ್ಲ.

ಪೂರಂ ಹಬ್ಬದ ಸಿಡಿಮದ್ದಿಗೆ ಹೆಸರಾದ ತೃಶೂರಿನ ಪಕ್ಕದಲ್ಲೇ ಬೆಂಕಿ ಆರಿಸುವ ಶಾಲೆ ಇರುವುದು ನನಗೆ ಮೊದಲು ತಮಾಷೆಯಾಗಿ ಕಂಡಿತು. ಆಮೇಲೆ ನಮ್ಮ ಜಿಲ್ಲೆಯ ನೀಲೇಶ್ವರ ನೆನಪಾಯಿತು. 2024ರ ಅಕ್ಟೋಬರ್ 28ರ ರಾತ್ರಿ ಅಲ್ಲಿನ ಅಂಞೂಟಂಬಲಂ ವೀರರ್‌ಕಾವು ದೇವಸ್ಥಾನದ ತೆಯ್ಯಂ ಉತ್ಸವದ ನಡುವೆ ಸಿಡಿಮದ್ದಿನ ದಾಸ್ತಾನಿಗೆ ಕಿಡಿ ತಗುಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡಿದ್ದರು. ತಮಾಷೆ ಅಲ್ಲಿಗೇ ನಿಂತಿತು.

ಬೆಂಕಿ ಆರಿಸಲು ನೀರು, ಧೈರ್ಯ ಎರಡಿದ್ದರೆ ಸಾಕು ಎಂಬ ಭ್ರಮೆ ಬಹುಕಾಲ ಎಲ್ಲೆಡೆಯೂ ಇತ್ತು. 1824ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಅಗ್ನಿಶಾಮಕ ದಳ ಕಟ್ಟಿದ ಜೇಮ್ಸ್ ಬ್ರೇಡ್‌ವುಡ್ ಮಾಡು ಹೊದೆಸುವವರು, ಬಡಗಿಗಳು, ಕಲ್ಲುಕುಟಿಗರನ್ನು ಹುಡುಕಿ ಸೇರಿಸಿಕೊಂಡು ಕವಾಯತು ಕಲಿಸಿದ. ನಮ್ಮ ಕಡೆಯಾಗಿದ್ದರೆ ಅವನು ಅಡಿಕೆ ಮರ ಹತ್ತುವವರನ್ನೂ ಬಾವಿ ತೋಡುವವರನ್ನೂ ಕರೆಯುತ್ತಿದ್ದ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ದೇಶದವರು ಮರೆಯಲಾಗದ ಪಾಠ 1944ರ ಏಪ್ರಿಲ್ 14ರದ್ದು, ನಮ್ಮ ಹೊಸವರ್ಷದ ಹಬ್ಬ ಬಿಸುಕಣಿಯ ಆಸುಪಾಸಿನ ದಿನ. ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಒಂದೇ ಹಡಗಿನಲ್ಲಿ ಹತ್ತಿಯ ಮೂಟೆ, ಸುಮಾರು 1,400 ಟನ್ ಸ್ಫೋಟಕ! ಆರಿಸಲು ಹೋದವರಲ್ಲಿ 66 ಮಂದಿ ಸತ್ತರು. ಅಗ್ನಿಶಾಮಕ ಸೇವಾ ದಿನವನ್ನು ಇಂದಿಗೂ ಅದೇ ತಾರೀಖಿಗೆ ಆಚರಿಸುತ್ತಾರೆ. ಆದರೂ ದೇಶಕ್ಕೆಲ್ಲ ಒಂದು ಕಾಲೇಜು ಬರಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. 1955ರಲ್ಲಿ ಕೇಂದ್ರ ಸರ್ಕಾರ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿ ನೇಮಿಸಿತು. 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಶುರುವಾಗಿ ಮರುವರ್ಷ ನಾಗಪುರಕ್ಕೆ ಹೋಯಿತು.

ಅದೇ 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. 1962ರಲ್ಲಿ ಕೇರಳ ತನ್ನದೇ ಅಗ್ನಿಶಾಮಕ ದಳ ಕಾಯಿದೆ ಮಾಡಿಕೊಂಡಿತು. ಗಡಿಗೆರೆ ಒಂದಿಷ್ಟು ದಕ್ಷಿಣಕ್ಕೆ ಬಿದ್ದಿದ್ದರೆ ನಮ್ಮ ಹುಡುಗ ಬೆಂಗಳೂರಿನ ಆರ್.ಎ. ಮುಂಡ್ಕೂರು ಅಗ್ನಿಶಾಮಕ ಅಕಾಡೆಮಿಗೆ ಹೋಗಿ ಕನ್ನಡದಲ್ಲೇ ಬೈಸಿಕೊಳ್ಳುತ್ತಿದ್ದ. ಇಲ್ಲಿ ಮಲಯಾಳದಲ್ಲಿ ಬೈಸಿಕೊಂಡ. ಅದೂ ಒಂದು ಕಲಿಕೆಯೇ.

ಪಥಸಂಚಲನ ಚೆನ್ನಾಗಿತ್ತು, ಅಕ್ಕ ಅತ್ತಳು, ಸಾಲಿನಲ್ಲಿ ಮಗ ಯಾರೆಂದು ಭಾವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ನನ್ನ ಕಣ್ಣು ನೆಟ್ಟದ್ದು ಆಮೇಲಿನ ಹಗ್ಗದ ಕೆಲಸದ ಮೇಲೆ. ಒಂದೇ ಹಗ್ಗದಲ್ಲಿ ಎರಡು ಕುಣಿಕೆ: ಒಂದು ಕಂಕುಳಿನ ಕೆಳಗೆ, ಇನ್ನೊಂದು ಮಂಡಿಯ ಹಿಂದೆ. ಅದರಲ್ಲಿ ಕುಳಿತವನು ಪ್ರಜ್ಞೆ ತಪ್ಪಿದರೂ ಜಾರುವುದಿಲ್ಲ. "ಕುರ್ಚಿಗಂಟು ಮಾವ, ನಮ್ಮ ಜೀರುಗುಣಿಕೆ ಇದಕ್ಕೆ ಆಗದು. ಭಾರ ಬಿದ್ದಷ್ಟೂ ಬಿಗಿದು ಮನುಷ್ಯನ ಉಸಿರೇ ನಿಲ್ಲಿಸುತ್ತದೆ" ಎಂದ ಅಳಿಯ.

ಬೆನ್ನಿನಲ್ಲಿ ಚಳಿ ಹರಿಯಿತು. ನಾನು ಚಿಕ್ಕವನಿದ್ದಾಗ ನೆರೆಮನೆಯ ಬಾವಿಗೆ ಕೆಸರು ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಇಳಿದ ತಮ್ಮನೂ ಅಲ್ಲೇ ಕುಸಿದ. ಮೇಲಿದ್ದವರು ಹಗ್ಗ ಬಿಟ್ಟದ್ದು ಜೀರುಗುಣಿಕೆ ಹಾಕಿಯೇ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿದ ಖಾಕಿಯವರು ಬಂದ ಮೇಲೆ ತಮ್ಮ ಉಳಿದ, ಅಣ್ಣ ಉಳಿಯಲಿಲ್ಲ. ಮುರಕಲ್ಲಿನ ಆಳದ ಬಾವಿಗಳ ನಮ್ಮ ಊರಿನಲ್ಲಿ ಅಗ್ನಿಶಾಮಕದವರಿಗೆ ಬೆಂಕಿಯಷ್ಟೇ ಬಾವಿಯೂ ಕೆಲಸ ಕೊಡುತ್ತದೆ. ಬೇಸಗೆಯಲ್ಲಿ ಪದವಿನ, ಎಂದರೆ ಬೋಳುಗುಡ್ಡದ, ಮುಳಿಹುಲ್ಲು ಉರಿಯುವುದು ಬೇರೆ.

ಬಾವಿಗೆ ಇಳಿಯುವ ಮುನ್ನ, ಒಳಗಿನ ಗಾಳಿ ಕೆಟ್ಟಿದೆಯೇ ಎಂದು ಉರಿಯುವ ಮೊಂಬತ್ತಿ ಬಿಟ್ಟು ನೋಡುವ ನಮ್ಮ ಹಿರಿಯರ ಕ್ರಮದ ಬಗ್ಗೆ ಕೇಳಿದೆ. ಅಳಿಯ ನಗಲಿಲ್ಲ. ದೀಪ ನಂದಿದರೆ ಇಳಿಯಬಾರದು ಎನ್ನುವುದು ಸರಿ, ಆದರೆ ನಂದದಿದ್ದರೆ ಇಳಿಯಬಹುದು ಎನ್ನುವುದು ತಪ್ಪು. ದೀಪ ಉರಿಯುತ್ತಿರುವಾಗಲೂ ವಿಷದ ಅನಿಲ ಇರಬಹುದು ಎಂದ. ಸೊಪ್ಪಿನ ಗೆಲ್ಲು ಕಟ್ಟಿ ಮೇಲೆ ಕೆಳಗೆ ಆಡಿಸಿದರೆ ಗಾಳಿ ಸ್ವಲ್ಪ ಓಡಾಡುತ್ತದೆ, ಅದನ್ನು ನಂಬಿ ಕೂರಬೇಡಿ, ಮೊದಲು 101ಕ್ಕೆ ಕರೆಮಾಡಿ ಎಂದೂ ಸೇರಿಸಿದ.

ಎರಡು ದಿನ ರಜೆ ಹಾಕಿ ನಮ್ಮೊಡನೆಯೇ ಊರಿಗೆ ಬಂದ. ಅಂಗಳಕ್ಕೆ ಕಾಲಿಟ್ಟವನು ಕಾಫಿಯನ್ನೂ ಕುಡಿಯದೆ ಬಾವಿಕಟ್ಟೆಗೆ ಹೋಗಿ ರಾಟೆಯ ಹಗ್ಗವನ್ನು ಕೈಯಲ್ಲಿ ಹಿಡಿದ.

"ಮಾವ, ಇದನ್ನು ಬದಲಿಸಬೇಕು."

"ಹೋದ ವರ್ಷ ತಂದದ್ದು ಮಾರಾಯ" ಎಂದೆ.

ಅವನು ಮಾತನಾಡದೆ ಎಳೆಗಳನ್ನು ಬಿಡಿಸಿ ತೋರಿಸಿದ. ಹೊರಗೆ ಹೊಂಬಣ್ಣದ ನಾರು, ಒಳಗೆಲ್ಲ ಕಪ್ಪು.